ಮೂರು ಸಾವಿರ ಅಕ್ಷರ ಕಲಿತರೆ ಚೀನೀ ಪತ್ರಿಕೆ ಓದಲು ಬರುತ್ತದೆಯೇ?

ಚೀನೀ ಭಾಷೆಯ ಬಗ್ಗೆ ಮೂರು ಮಾತುಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತು ಹೊಡೆಯುತ್ತವೆ. ಒಂದು, ಚೀನೀ ಲಿಪಿ ಎಂದರೆ ಚಿತ್ರಗಳು, ನೋಡಿದರೆ ಅರ್ಥ ತಾನಾಗಿ ಹೊಳೆಯುತ್ತದೆ ಎನ್ನುವುದು. ಎರಡು, ‘ಬಿಕ್ಕಟ್ಟು’ ಎಂಬ ಪದವನ್ನು ಚೀನೀಯರು ‘ಅಪಾಯ’ ಮತ್ತು ‘ಅವಕಾಶ’ ಎಂಬ ಎರಡು ಅಕ್ಷರ ಜೋಡಿಸಿ ಬರೆಯುತ್ತಾರೆ ಎನ್ನುವುದು. ಮೂರು, ಎರಡೂವರೆ ಮೂರು ಸಾವಿರ ಅಕ್ಷರ ಬಾಯಿಪಾಠ ಮಾಡಿದರೆ ಸಾಕು, ಚೀನೀ ಪತ್ರಿಕೆಯ ಶೇ 98ರಷ್ಟನ್ನು ಓದಬಹುದು ಎನ್ನುವುದು.

ಮೊದಲೆರಡು ಮಾತುಗಳಿಂದ ದೊಡ್ಡ ನಷ್ಟವೇನಿಲ್ಲ. ಮೂರನೆಯದು ಹಾಗಲ್ಲ. ಅದನ್ನು ನಂಬಿ ವಿಶ್ವವಿದ್ಯಾಲಯದಲ್ಲಿ ಮೂರು ನಾಲ್ಕು ವರ್ಷ ಚೀನೀ ಕಲಿತವರು ಕೊನೆಗೆ ಪತ್ರಿಕೆಯ ಒಂದು ಪುಟದ ಮುಂದೆ ಕೂತು, ಎಲ್ಲ ಅಕ್ಷರ ಗೊತ್ತಿದೆ, ಆದರೆ ಏನು ಹೇಳಿದ್ದಾರೆಂದು ಗೊತ್ತಾಗುತ್ತಿಲ್ಲ ಎಂದು ಕೈಚೆಲ್ಲುತ್ತಾರೆ. ತಮಗೇ ಭಾಷೆ ಒಗ್ಗುವುದಿಲ್ಲ ಎಂದುಕೊಳ್ಳುತ್ತಾರೆ. ತೊಂದರೆ ಅವರದಲ್ಲ, ಲೆಕ್ಕದ್ದು. ವಿಚಿತ್ರವೆಂದರೆ ಆ ಶೇ 98 ಎಂಬ ಅಂಕಿ ಸುಳ್ಳಲ್ಲ.

ಅಂಕಿ ಎಲ್ಲಿಂದ ಬಂತು?

ಚೀನಾ ಸರ್ಕಾರ 1988ರಲ್ಲಿ ದಿನಬಳಕೆಯ ಅಕ್ಷರಗಳ ಪಟ್ಟಿಯೊಂದನ್ನು ಹೊರಡಿಸಿತು. ಅದರಲ್ಲಿ 2500 ‘ಸಾಮಾನ್ಯ’ ಅಕ್ಷರಗಳು, 1000 ‘ಎರಡನೇ ಸಾಲಿನ’ ಅಕ್ಷರಗಳು, ಒಟ್ಟು 3500. ಪಟ್ಟಿ ಸರಿಯಾಗಿದೆಯೇ ಎಂದು ನೋಡಲು ಸುಮಾರು 20 ಲಕ್ಷ ಅಕ್ಷರಗಳಷ್ಟು ಪಠ್ಯದ ಮೇಲೆ ಪರೀಕ್ಷಿಸಿದರು. ಮೊದಲ 2500 ಅಕ್ಷರಗಳೇ ಪಠ್ಯದ ಶೇ 97.97ರಷ್ಟನ್ನು ಆವರಿಸಿದ್ದವು. 3500 ಸೇರಿದಾಗ ಶೇ 99.48 ಆಯಿತು. 2013ರಲ್ಲಿ ಬಂದ ಹೊಸ ಪಟ್ಟಿಯಲ್ಲಿ ಒಟ್ಟು 8105 ಅಕ್ಷರಗಳಿವೆ. ಅದರಲ್ಲೂ ಮೊದಲ ಹಂತದ್ದು 3500. 1716ರ ಕಾಂಗ್‌ಶಿ ನಿಘಂಟಿನಲ್ಲಿ 47 ಸಾವಿರಕ್ಕೂ ಹೆಚ್ಚು ಅಕ್ಷರಗಳಿವೆ, ಆದರೆ ಅದನ್ನು ನೋಡಿ ಯಾರೂ ಹೆದರಬೇಕಿಲ್ಲ. ಬಹುಪಾಲು ಈಗ ಯಾರೂ ಬಳಸದವು.

ಹಾಗಿದ್ದ ಮೇಲೆ 2500 ಅಕ್ಷರ ಗೊತ್ತಿದ್ದರೆ ಪತ್ರಿಕೆ ಓದಬಹುದಲ್ಲವೇ? ಇಲ್ಲಿಯೇ ಎಡವುವುದು. ಶೇ 98 ಎಂದರೆ 50ರಲ್ಲಿ 49 ಅಕ್ಷರ ಪರಿಚಿತ ಎಂದಷ್ಟೇ ಅರ್ಥ. 500 ಅಕ್ಷರದ ಒಂದು ಸಣ್ಣ ಸುದ್ದಿಯಲ್ಲಿ ಹತ್ತು ಕಡೆ ಗೊತ್ತಿಲ್ಲದ ಅಕ್ಷರ ಸಿಗುತ್ತದೆ. ಅವು ‘ಮತ್ತು’, ‘ಇದು’, ‘ಅಲ್ಲ’ ಎಂಬಂಥವಾಗಿರುವುದಿಲ್ಲ. ಸಾಮಾನ್ಯವಾಗಿ ಊರಿನ ಹೆಸರು, ಕಾಯಿಲೆಯ ಹೆಸರು, ಸುದ್ದಿಯ ತಿರುಳನ್ನೇ ಹೊತ್ತ ಪದ ಅಲ್ಲಿ ಕೂತಿರುತ್ತದೆ. ಇದು ಸಣ್ಣ ತೊಂದರೆ. ದೊಡ್ಡ ತೊಂದರೆ ಪರಿಚಿತವಾದ ಆ 49 ಅಕ್ಷರಗಳಲ್ಲಿಯೇ ಇದೆ.

ಅಕ್ಷರ ಗೊತ್ತು, ಪದ ಗೊತ್ತಿಲ್ಲ

ಇಲ್ಲಿ ನಾವು ‘ಅಕ್ಷರ’ ಎಂದು ಬರೆಯುತ್ತಿರುವುದು ಅನುಕೂಲಕ್ಕಾಗಿ. ಕನ್ನಡದ ಅಕ್ಷರಕ್ಕೆ ಉಚ್ಚಾರ ಮಾತ್ರ ಇದೆ, ಅರ್ಥವಿಲ್ಲ. ಚೀನೀ ಅಕ್ಷರಕ್ಕೆ ಒಂದು ಉಚ್ಚಾರವೂ ಹೆಚ್ಚಾಗಿ ಒಂದು ಅರ್ಥವೂ ಇರುತ್ತದೆ. ಆದರೆ ಇಂದಿನ ಚೀನೀ ಭಾಷೆಯ ಪದಗಳಲ್ಲಿ ಹೆಚ್ಚಿನವು ಎರಡು ಅಥವಾ ಅದಕ್ಕಿಂತ ಹೆಚ್ಚು ಅಕ್ಷರ ಸೇರಿ ಆದವು, ಮತ್ತು ಪದದ ಅರ್ಥ ಬಿಡಿ ಅಕ್ಷರಗಳ ಅರ್ಥವನ್ನು ಕೂಡಿದರೆ ಸಿಗುತ್ತದೆ ಎಂಬ ಖಾತ್ರಿ ಇಲ್ಲ.

‘ಡೋಂಗ್’ ಎಂದರೆ ಪೂರ್ವ, ‘ಶಿ’ ಎಂದರೆ ಪಶ್ಚಿಮ. ‘ಡೋಂಗ್‌ಶಿ’ ಎಂದರೆ? ವಸ್ತು, ಸಾಮಾನು. ‘ಮಾ’ ಎಂದರೆ ಕುದುರೆ, ‘ಶಾಂಗ್’ ಎಂದರೆ ಮೇಲೆ. ‘ಮಾಶಾಂಗ್’ ಎಂದರೆ ‘ಕೂಡಲೇ’. ‘ಮಾವ್’ ಈಟಿ, ‘ದುನ್’ ಗುರಾಣಿ. ‘ಮಾವ್‌ದುನ್’ ಎಂದರೆ ವಿರೋಧಾಭಾಸ. ಯಾವ ಗುರಾಣಿಯನ್ನಾದರೂ ಭೇದಿಸುವ ಈಟಿ ಮತ್ತು ಯಾವ ಈಟಿಗೂ ಜಗ್ಗದ ಗುರಾಣಿ ಎರಡನ್ನೂ ಒಬ್ಬನೇ ಮಾರಲು ಹೊರಟ ಕತೆ ಹಾನ್ ಫೇಯ್ ಎಂಬ ಪ್ರಾಚೀನ ಚಿಂತಕನ ಗ್ರಂಥದಲ್ಲಿದೆ. ಕತೆ ಗೊತ್ತಿದ್ದರೆ ಪದ ಮರೆಯುವುದಿಲ್ಲ. ಕತೆ ಗೊತ್ತಿಲ್ಲದವರಿಗೆ ಈಟಿ, ಗುರಾಣಿ ಎರಡೂ ಗೊತ್ತಿದ್ದರೂ ಏನೂ ಗೊತ್ತಿಲ್ಲ.

ನಮ್ಮಲ್ಲೂ ಇದು ಇಲ್ಲದಿಲ್ಲ. ಕನ್ನಡ ಕಲಿಯುತ್ತಿರುವ ಹೊರಗಿನವರಿಗೆ ‘ಕೈ’ ಗೊತ್ತು, ‘ಕೊಡು’ ಗೊತ್ತು. ‘ಸ್ನೇಹಿತ ಕೈಕೊಟ್ಟ’ ಎಂದರೆ ಅವರು ಸ್ನೇಹಿತ ಕೈ ಕುಲುಕಿದ ಎಂದೇ ತಿಳಿದಾರು.

ಚೀನೀ ಭಾಷೆ ಕಲಿಸುವವರಿಗೂ ಇದು ತಿಳಿದ ವಿಷಯವೇ. 2021ರಲ್ಲಿ ಚೀನಾ ಜಾರಿಗೆ ತಂದ, ವಿದೇಶೀ ಕಲಿಕೆದಾರರಿಗಾಗಿ ರೂಪಿಸಿದ ಒಂಬತ್ತು ಹಂತಗಳ ಮಾನದಂಡವನ್ನೇ ನೋಡಿ. ಕೊನೆಯ ಹಂತದವರೆಗೆ ಕಲಿಯಬೇಕಾದ ಅಕ್ಷರಗಳು 3000, ಪದಗಳು 11,092. ಅಂದರೆ ಅಕ್ಷರಕ್ಕಿಂತ ಪದಗಳು ಹೆಚ್ಚುಕಡಿಮೆ ನಾಲ್ಕು ಪಟ್ಟು. ಇನ್ನು ಚೀನಾದಲ್ಲಿ ಹೆಚ್ಚು ಬಳಕೆಯಲ್ಲಿರುವ ‘ಶಿಯೆನ್‌ದಾಯ್ ಹಾನ್‌ಯೂ ತ್ಸಿದಿಯೆನ್’ ನಿಘಂಟಿನಲ್ಲಿರುವ ನಮೂದುಗಳು ಸುಮಾರು 70 ಸಾವಿರ. ಫಾರ್ವರ್ಡ್ ಮಾಡುವವರು 3000ವನ್ನು ಮಾತ್ರ ಹೇಳುತ್ತಾರೆ, 11 ಸಾವಿರವನ್ನು ಬಿಡುತ್ತಾರೆ.

ಹಾಗಾದರೆ ಚೀನಾದ ಮಕ್ಕಳು ಹೇಗೆ ಓದುತ್ತಾರೆ? ಅಲ್ಲಿನ ಪಠ್ಯಕ್ರಮದ ಪ್ರಕಾರ ಆರನೇ ತರಗತಿ ಮುಗಿಯುವ ಹೊತ್ತಿಗೆ ಮಗು ಸುಮಾರು 3000 ಅಕ್ಷರ ಗುರುತಿಸಬೇಕು, ಅದರಲ್ಲಿ 2500ನ್ನು ಬರೆಯಬೇಕು. ಅಷ್ಟರಲ್ಲಿ ಅವರು ಕತೆಪುಸ್ತಕ ಓದುತ್ತಿರುತ್ತಾರೆ. ಆದರೆ ಆ ಮಗು ಶಾಲೆಗೆ ಬರುವಾಗಲೇ ಸಾವಿರಾರು ಪದಗಳನ್ನು ಬಾಯಲ್ಲಿ ಹೊತ್ತು ತಂದಿರುತ್ತದೆ. ಅದಕ್ಕೆ ಗೊತ್ತಿರುವ ಪದ ಕಾಗದದ ಮೇಲೆ ಹೇಗೆ ಕಾಣುತ್ತದೆ ಎಂದಷ್ಟೇ ಕಲಿಯುವುದು ಬಾಕಿ. ಇಪ್ಪತ್ತರ ವಯಸ್ಸಿನಲ್ಲಿ ಕಾಲೇಜಿನಲ್ಲಿ ಕಲಿಯುವವರು ಪದವನ್ನೂ, ಅದರ ಸ್ವರದ ಏರಿಳಿತವನ್ನೂ, ಅಕ್ಷರವನ್ನೂ ಒಂದೇ ಸಲಕ್ಕೆ ಕಲಿಯಬೇಕು. ಅಮೆರಿಕದ ವಿದೇಶಾಂಗ ಸೇವೆಯ ತರಬೇತಿ ಸಂಸ್ಥೆ ತನ್ನ ಅಧಿಕಾರಿಗಳಿಗೆ ಚೀನೀ ಕಲಿಸಲು 2200 ಗಂಟೆಗಳ ತರಗತಿ ಬೇಕು ಎಂದು ಲೆಕ್ಕ ಹಾಕಿರುವುದು ಸುಮ್ಮನೆ ಅಲ್ಲ.

ಚಿತ್ರಲಿಪಿಯ ಮಾತು

ಇಲ್ಲಿ ಚಿತ್ರದ ನಂಬಿಕೆಯನ್ನೂ ಮುಗಿಸಿಬಿಡೋಣ. ಬೆಟ್ಟ, ಬಾಯಿ, ಮರ ಇಂಥ ಕೆಲವು ಅಕ್ಷರಗಳು ಒಂದು ಕಾಲಕ್ಕೆ ಚಿತ್ರಗಳಾಗಿದ್ದವು, ನಿಜ. ಆದರೆ ಶೇ 80ಕ್ಕೂ ಹೆಚ್ಚು ಅಕ್ಷರಗಳಲ್ಲಿ ಒಂದು ಭಾಗ ಅರ್ಥದ ಸುಳಿವು, ಇನ್ನೊಂದು ಭಾಗ ಉಚ್ಚಾರದ ಸುಳಿವು. ‘ಅಮ್ಮ’ ಎಂಬ ಅಕ್ಷರದಲ್ಲಿ ಎಡಕ್ಕೆ ‘ಹೆಣ್ಣು’, ಬಲಕ್ಕೆ ‘ಕುದುರೆ’ ಇದೆ. ಅಮ್ಮ ಮನೆಯಲ್ಲಿ ಕುದುರೆಯಂತೆ ದುಡಿಯುತ್ತಾಳೆ ಎಂದು ಯಾರಾದರೂ ಸಂದೇಶ ಕಳುಹಿಸಿದರೆ ನಂಬಬೇಡಿ. ಅಮ್ಮನಿಗೂ ಕುದುರೆಗೂ ಚೀನೀಯಲ್ಲಿ ‘ಮಾ’ ಎಂಬ ಉಚ್ಚಾರ (ಸ್ವರದ ಏರಿಳಿತ ಮಾತ್ರ ಬೇರೆ), ಅದಕ್ಕೇ ಕುದುರೆ ಅಲ್ಲಿ ಬಂದಿದೆ. ಬೈಯುವುದಕ್ಕೂ ‘ಮಾ’, ಅದರಲ್ಲೂ ಕುದುರೆ ಇದೆ. ಈ ‘ಚಿತ್ರಲಿಪಿ’ ನಂಬಿಕೆಯನ್ನು ಜಾನ್ ಡಿಫ್ರಾನ್ಸಿಸ್ ಎಂಬ ವಿದ್ವಾಂಸರು 1984ರ ತಮ್ಮ ಪುಸ್ತಕದಲ್ಲಿಯೇ ಬಿಡಿಸಿ ಬಿಡಿಸಿ ತಳ್ಳಿಹಾಕಿದ್ದಾರೆ.

‘ಬಿಕ್ಕಟ್ಟು = ಅಪಾಯ + ಅವಕಾಶ’ ಎಂಬುದೂ ಇದೇ ಜಾತಿಯದು. ಜಾನ್ ಎಫ್. ಕೆನಡಿ 1959ರಲ್ಲಿಯೇ ಭಾಷಣದಲ್ಲಿ ಹೇಳಿದ್ದರಿಂದ ಅದಕ್ಕೆ ರೆಕ್ಕೆ ಬಂತು. ಪದ ‘ವೇಯ್‌ಜಿ’. ‘ವೇಯ್’ ಅಪಾಯ ಎಂಬುದು ಸರಿ. ‘ಜಿ’ ಎಂಬ ಅಕ್ಷರ ‘ಅವಕಾಶ’ ಎಂಬ ಪದದ ಒಂದು ತುಂಡು ಎಂಬುದೂ ಸರಿ. ಆದರೆ ಅದೇ ‘ಜಿ’ ಮೊಬೈಲ್ ಫೋನ್ ಎಂಬ ಪದದಲ್ಲೂ ಇದೆ, ವಿಮಾನ ಎಂಬ ಪದದಲ್ಲೂ ಇದೆ. ಅಲ್ಲಿ ಅದಕ್ಕೆ ‘ಯಂತ್ರ’ ಎಂಬರ್ಥ. ಬಿಕ್ಕಟ್ಟಿನಲ್ಲಿ ಅದು ‘ನಿರ್ಣಾಯಕ ಗಳಿಗೆ’ಗೆ ಹತ್ತಿರ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಿಕ್ಟರ್ ಮೇರ್ ಇದನ್ನು ವಿವರವಾಗಿ ಬರೆದಿದ್ದಾರೆ. ಬಿಡಿ ಅಕ್ಷರದಿಂದ ಪದದ ಅರ್ಥ ಹೊರಡಿಸಲು ಹೋದರೆ ಭಾಷಣಕಾರರೂ ಎಡವುತ್ತಾರೆ, ಮೂರನೇ ವರ್ಷದ ವಿದ್ಯಾರ್ಥಿಯೂ ಎಡವುತ್ತಾನೆ.

ಪದಗಳ ನಡುವೆ ಜಾಗವೇ ಇಲ್ಲ

ನಾಳೆಬೆಳಿಗ್ಗೆಬೇಗಎದ್ದುಶಾಲೆಗೆಹೋಗಬೇಕು.

ಈ ಸಾಲನ್ನು ನೀವು ಓದಿದಿರಿ. ಒಂದು ಕ್ಷಣ ತಡವಾಗಿರಬಹುದು, ಆದರೆ ಅರ್ಥವಾಯಿತು. ಏಕೆಂದರೆ ಅದರಲ್ಲಿರುವ ಪದಗಳೆಲ್ಲ ನಿಮಗೆ ಗೊತ್ತು, ಎಲ್ಲಿ ಕತ್ತರಿಸಬೇಕೆಂದು ಪದಗಳೇ ಹೇಳಿದವು. ನಮ್ಮ ಹಳೆಯ ಶಾಸನಗಳಲ್ಲೂ ತಾಳೆಗರಿಗಳಲ್ಲೂ ಪದಗಳ ನಡುವೆ ಹೀಗೆಯೇ ಜಾಗ ಬಿಡುತ್ತಿರಲಿಲ್ಲ. ಕನ್ನಡದ ಅಕ್ಷರಮಾಲೆ ಕಲಿತು ಪದಗಳನ್ನು ಅಷ್ಟಾಗಿ ಕಲಿಯದ ಒಬ್ಬ ವಿದೇಶೀಯನ ಮುಂದೆ ಆ ಸಾಲನ್ನಿಟ್ಟರೆ ಅವನು ಎಲ್ಲಿ ಕತ್ತರಿಸಬೇಕು?

ಚೀನೀ ಬರಹದಲ್ಲಿ ಇಂದಿಗೂ ಪದಗಳ ನಡುವೆ ಜಾಗವಿಲ್ಲ. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ನಾನ್‌ಜಿಂಗ್ ನಗರದ ಬಳಿ ಯಾಂಗ್ತ್ಸೆ ನದಿಯ ಮೇಲೆ 1968ರಲ್ಲಿ ತೆರೆದ ಸೇತುವೆ. ಅದರ ಹೆಸರು ಏಳು ಅಕ್ಷರ: ನಾನ್-ಜಿಂಗ್-ಶಿ-ಛಾಂಗ್-ಜಿಯಾಂಗ್-ದಾ-ಛಿಯಾವ್. ‘ನಾನ್‌ಜಿಂಗ್ ನಗರ, ಛಾಂಗ್‌ಜಿಯಾಂಗ್ (ಅಂದರೆ ಯಾಂಗ್ತ್ಸೆ), ದೊಡ್ಡ ಸೇತುವೆ’ ಎಂದು ಕತ್ತರಿಸಿದರೆ ಸರಿ. ಮೂರನೇ ಅಕ್ಷರವನ್ನು ನಾಲ್ಕನೆಯದಕ್ಕೆ ಅಂಟಿಸಿದರೆ? ‘ಉದ್ದ’ ಎಂಬ ಅರ್ಥದಲ್ಲಿ ‘ಛಾಂಗ್’ ಆಗುವ ಆ ನಾಲ್ಕನೇ ಅಕ್ಷರಕ್ಕೆ ‘ಮುಖ್ಯಸ್ಥ’ ಎಂಬ ಅರ್ಥದಲ್ಲಿ ‘ಜಾಂಗ್’ ಎಂಬ ಇನ್ನೊಂದು ಉಚ್ಚಾರವಿದೆ. ಆಗ ‘ಶಿಜಾಂಗ್’ ಎಂದರೆ ಮೇಯರ್, ಮತ್ತು ಇಡೀ ಏಳು ಅಕ್ಷರ ‘ನಾನ್‌ಜಿಂಗ್ ಮೇಯರ್ ಜಿಯಾಂಗ್ ದಾಛಿಯಾವ್’ ಎಂಬ, ಇಲ್ಲದ ಮನುಷ್ಯನಾಗಿ ನಿಲ್ಲುತ್ತದೆ. ಚೀನಾದವರು ಇದನ್ನು ತಮಾಷೆಗೆ ಹೇಳುತ್ತಾರೆ. ಕಲಿಯುವವರಿಗೆ ಇಂಥದ್ದು ದಿನಕ್ಕೆ ಹತ್ತು ಸಲ ತಮಾಷೆಯಿಲ್ಲದೆ ಆಗುತ್ತದೆ.

ಸಂಶೋಧನೆಯೂ ಇದನ್ನೇ ತೋರಿಸಿದೆ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಚೀನೀ ಓದುಗರ ಕಣ್ಣಿನ ಚಲನೆಯನ್ನು ಯಂತ್ರದಿಂದ ಅಳೆದರು. ಪದಗಳ ನಡುವೆ ಜಾಗ ಬಿಟ್ಟರೂ ಬಿಡದಿದ್ದರೂ ಚೀನೀಯರ ಓದಿನಲ್ಲಿ ವ್ಯತ್ಯಾಸವಾಗಲಿಲ್ಲ. ತಪ್ಪು ಜಾಗದಲ್ಲಿ ಬಿಟ್ಟಾಗ ಮಾತ್ರ ನಿಧಾನವಾಯಿತು. 2012ರಲ್ಲಿ ಅದೇ ಬಗೆಯ ಪ್ರಯೋಗವನ್ನು ಚೀನೀ ಕಲಿಯುವ ವಿದೇಶೀಯರ ಮೇಲೆ ಮಾಡಿದಾಗ, ಪದಗಳ ನಡುವೆ ಜಾಗ ಬಿಟ್ಟ ಪಠ್ಯವನ್ನು ಅವರು ಬೇಗ ಓದಿದರು. ಅಂದರೆ ಅವರ ಹೊತ್ತು ಹೋಗುತ್ತಿರುವುದು ಅಕ್ಷರ ಗುರುತಿಸುವುದರಲ್ಲಿ ಮಾತ್ರವಲ್ಲ, ಸಾಲನ್ನು ಕತ್ತರಿಸುವುದರಲ್ಲಿ ಕೂಡ. ಫ್ಲ್ಯಾಶ್‌ಕಾರ್ಡ್ ಆ್ಯಪ್‌ನಲ್ಲಿ ಒಂದೊಂದೇ ಅಕ್ಷರ ತೋರಿಸಿ ಕಲಿಸುವಾಗ ಈ ಕೆಲಸದ ಅಭ್ಯಾಸವೇ ಆಗುವುದಿಲ್ಲ.

ಕತ್ತರಿಸುವಾಗ ಎಲ್ಲಕ್ಕಿಂತ ಹೆಚ್ಚು ಕಾಡುವುದು ಹೆಸರುಗಳು. ಇಂಗ್ಲಿಷಿನಲ್ಲಿ ದೊಡ್ಡಕ್ಷರವಿದೆ, ಕನ್ನಡದಲ್ಲಿ ಜಾಗ ಮತ್ತು ವಿಭಕ್ತಿ ಸಹಾಯಕ್ಕೆ ಬರುತ್ತವೆ. ಚೀನೀಯಲ್ಲಿ ಹೆಸರಿಗೆ ಯಾವ ಗುರುತೂ ಇಲ್ಲ. ನಮ್ಮ ಬೆಂಗಳೂರನ್ನೇ ತೆಗೆದುಕೊಳ್ಳಿ. ಚೀನೀ ಪತ್ರಿಕೆಯಲ್ಲಿ ಅದು ‘ಬಾನ್-ಜಿಯಾ-ಲುವೋ-ಅರ್’. ಬಿಡಿಬಿಡಿಯಾಗಿ ನೋಡಿದರೆ ಮೊದಲಕ್ಷರ ‘ತರಗತಿ’, ಎರಡನೆಯದು ‘ಕೂಡಿಸು’, ಮೂರನೆಯದು ‘ಬಲೆ’, ನಾಲ್ಕನೆಯದು ಹಳೆಯ ಚೀನೀಯಲ್ಲಿ ‘ನೀನು’. ತರಗತಿಗೆ ಬಲೆ ಸೇರಿಸಿದ ನೀನು ಎಂದು ತಲೆ ಕೆರೆದುಕೊಳ್ಳುವಷ್ಟರಲ್ಲಿ ಸುದ್ದಿ ಮುಗಿದಿರುತ್ತದೆ. ಇನ್ಫೋಸಿಸ್ ‘ಯಿನ್-ಫು-ಸ-ಸ್’ ಆಗಿದೆ. ಕರ್ನಾಟಕ ‘ಕಾ-ನಾ-ತಾ-ಕ’ ಆಗಿ ಅದರ ಬಾಲಕ್ಕೆ ರಾಜ್ಯ ಎನ್ನುವ ‘ಬಾಂಗ್’ ಅಂಟಿದೆ. ಗೊತ್ತಿದ್ದವರಿಗೆ ಒಂದು ಕಣ್ಣೋಟ ಸಾಕು. ಗೊತ್ತಿಲ್ಲದವರಿಗೆ ಪ್ರತಿ ಅಕ್ಷರವೂ ಪರಿಚಿತ, ಒಟ್ಟು ಅಪರಿಚಿತ.

ಆಡುವ ಚೀನೀ, ಬರೆಯುವ ಚೀನೀ

ತಾಲ್ಲೂಕು ಕಚೇರಿಯಿಂದ ಬಂದ ಪತ್ರದಲ್ಲಿ ‘ಸದರಿ ವಿಷಯಕ್ಕೆ ಸಂಬಂಧಿಸಿದಂತೆ, ಮೇಲ್ಕಂಡ ಆದೇಶದ ಮೇರೆಗೆ’ ಎಂದು ಓದಿದಾಗ ಮನೆಯಲ್ಲಿ ಚೆನ್ನಾಗಿ ಕನ್ನಡ ಆಡುವವರೂ ಒಮ್ಮೆ ತಡೆಯುತ್ತಾರೆ. ಚೀನೀಯಲ್ಲಿ ಈ ಅಂತರ ಇನ್ನೂ ಅಗಲ. 1917ರ ಆಸುಪಾಸಿನವರೆಗೂ ಗಂಭೀರ ಬರಹವೆಲ್ಲ ನಡೆಯುತ್ತಿದ್ದುದು ‘ವೆನ್‌ಯೆನ್’ ಎಂಬ ಪ್ರಾಚೀನ ಚೀನೀಯಲ್ಲಿ. ಹೂ ಶಿ ಮೊದಲಾದವರು ಆಡುಮಾತಿಗೆ ಹತ್ತಿರವಾದ ‘ಬಾಯ್‌ಹ್ವಾ’ದಲ್ಲಿ ಬರೆಯೋಣ ಎಂದು ಹೋರಾಡಿ ಗೆದ್ದರು. ಲೂ ಶುನ್ 1918ರಲ್ಲಿ ಬರೆದ ‘ಹುಚ್ಚನ ದಿನಚರಿ’ ಎಂಬ ಕತೆ ಈ ಹೊಸ ಬರಹದ ಹೆಸರಾಂತ ಆರಂಭ. ಅದರ ಮುನ್ನುಡಿ ಮಾತ್ರ ವೆನ್‌ಯೆನ್‌ನಲ್ಲಿದೆ, ಅದೂ ಬೇಕೆಂದೇ. ಆಧುನಿಕ ಸಾಹಿತ್ಯ ಓದುತ್ತೇನೆಂದು ಹೊರಟ ವಿದ್ಯಾರ್ಥಿ ಮೊದಲ ಪ್ಯಾರಾದಲ್ಲಿಯೇ ಹಳಗನ್ನಡಕ್ಕೆ ಡಿಕ್ಕಿ ಹೊಡೆದಂತೆ ನಿಲ್ಲುತ್ತಾನೆ.

ವೆನ್‌ಯೆನ್ ಸೋತರೂ ಪೂರ್ತಿ ಹೋಗಲಿಲ್ಲ. ಪತ್ರಿಕೆ, ಕಾನೂನು, ಸಂಶೋಧನಾ ಬರಹಗಳಲ್ಲಿ ಅದರ ಪುಟ್ಟ ಪುಟ್ಟ ಪದಗಳು ಇನ್ನೂ ಉಸಿರಾಡುತ್ತಿವೆ. ‘ಯೂ’, ‘ಜ್ರ’, ‘ಛಿ’ ಎಂಬ ಒಂದಕ್ಷರದ ಪದಗಳು ಮಾತಿನಲ್ಲಿ ಅಷ್ಟಾಗಿ ಕೇಳುವುದಿಲ್ಲ, ಬರಹದಲ್ಲಿ ಸಾಲು ಸಾಲಿಗೂ ಬರುತ್ತವೆ. ಮಾತನಾಡಲು ಚೆನ್ನಾಗಿ ಬರುವವರೂ ಪತ್ರಿಕೆಯೆದುರು ತಡವರಿಸಲು ಇದೊಂದು ಕಾರಣ. ಇದರ ಜೊತೆಗೆ ಮೊಟಕು ಪದಗಳಿವೆ. ಬೀಜಿಂಗ್ ದಾಶ್ಯುಯೆ (ಪೀಕಿಂಗ್ ವಿಶ್ವವಿದ್ಯಾಲಯ) ‘ಬೇಯ್‌ದಾ’ ಆಗುತ್ತದೆ. ಪರಿಸರ ಸಂರಕ್ಷಣೆ ಎಂಬ ನಾಲ್ಕಕ್ಷರದ ಪದ ‘ಹ್ವಾನ್‌ಬಾವ್’ ಆಗುತ್ತದೆ. ಆಮೇಲೆ ನಾಲ್ಕಕ್ಷರದ ನುಡಿಗಟ್ಟುಗಳು. ‘ಗಡಿಯ ಮುದುಕ ಕುದುರೆ ಕಳೆದುಕೊಂಡ’ ಎಂದು ಒಂದು ಆರ್ಥಿಕ ಲೇಖನದ ನಡುವೆ ಬಂದರೆ ಗಾಬರಿಯಾಗಬಾರದು. ಕೆಟ್ಟದ್ದೆಂದು ಕಂಡದ್ದು ಒಳ್ಳೆಯದೂ ಆಗಬಹುದು ಎಂದು ಹೇಳುತ್ತಿದ್ದಾರೆ. ಕ್ರಿಸ್ತಪೂರ್ವ ಎರಡನೇ ಶತಮಾನದ ‘ಹ್ವಾಯ್‌ನಾನ್‌ಜಿ’ ಗ್ರಂಥದ ಕತೆಯದು. ನಾವು ‘ಭಗೀರಥ ಪ್ರಯತ್ನ’ ಎಂದಾಗ ಹೊರಗಿನವರಿಗೆ ಪ್ರಯತ್ನ ನಿಘಂಟಿನಲ್ಲಿ ಸಿಗುತ್ತದೆ, ಭಗೀರಥ ಸಿಗುವುದಿಲ್ಲವಲ್ಲ, ಹಾಗೆ.

ಇದಿಷ್ಟರ ಮೇಲೆ ಎರಡು ಲಿಪಿ. ಚೀನಾ 1956ರಿಂದ ಸರಳ ಅಕ್ಷರಗಳನ್ನು ಜಾರಿಗೆ ತಂದಿತು. ತೈವಾನ್, ಹಾಂಗ್‌ಕಾಂಗ್‌ಗಳಲ್ಲಿ ಹಳೆಯ ರೂಪಗಳೇ ಇವೆ. ಸರಳಗೊಳಿಸುವಾಗ ಕೆಲವು ಅಕ್ಷರಗಳು ಒಂದಾಗಿಬಿಟ್ಟವು. ಮುಖಕ್ಕೂ ಗೋಧಿಹಿಟ್ಟಿನ ನೂಡಲ್ಸ್‌ಗೂ ಈಗ ಚೀನಾದಲ್ಲಿ ಒಂದೇ ಅಕ್ಷರ. ಸಂಶೋಧನೆಗೆ ಹೋಗುವವರು ಎರಡೂ ರೂಪ ಓದಲು ಕಲಿಯಲೇಬೇಕು, ಆದರೆ ಕೇಳುವಷ್ಟು ಕಷ್ಟವೇನಲ್ಲ.

ಹಾಗಾದರೆ ಓದು ಬರುವುದು ಹೇಗೆ?

ಚೀನೀ ಕಲಿಸುವ ವಿಭಾಗಗಳಲ್ಲಿ ಎರಡು ಬಗೆಯ ಓದಿನ ತರಗತಿಗಳಿರುತ್ತವೆ. ‘ಜಿಂಗ್‌ದು’ ಎಂದರೆ ಸಣ್ಣ ಪಠ್ಯವನ್ನು ಅಕ್ಷರ ಅಕ್ಷರ ಬಿಡಿಸಿ ಓದುವುದು. ‘ಫಾನ್‌ದು’ ಎಂದರೆ ಹೆಚ್ಚು ಪುಟ, ಕಡಿಮೆ ವಿಶ್ಲೇಷಣೆ, ಸರಸರನೆ ಓದುವುದು. ಪರೀಕ್ಷೆಯಲ್ಲಿ ಅಂಕ ತರುವುದು ಮೊದಲನೆಯದಾದ್ದರಿಂದ ಎರಡನೆಯದನ್ನು ವಿದ್ಯಾರ್ಥಿಗಳು ಉಪ್ಪಿನಕಾಯಿಯಂತೆ ನೋಡುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಮೂರನೇ ವರ್ಷದ ನಂತರ ಅದು ಅನ್ನವಾಗಬೇಕು. ಸಾಲನ್ನು ಕತ್ತರಿಸುವುದು, ಹೆಸರನ್ನು ಹೆಸರೆಂದು ಗುರುತಿಸುವುದು, ‘ಯೂ’ ‘ಛಿ’ಗಳನ್ನು ತಡೆಯದೆ ದಾಟುವುದು, ಇವೆಲ್ಲ ನಿಯಮ ಕಲಿತು ಬರುವಂಥವಲ್ಲ. ಅದೇ ಪದವನ್ನು ಬೇರೆ ಬೇರೆ ಸಾಲುಗಳಲ್ಲಿ ನೂರು ಸಲ ಕಂಡಾಗ ಬರುವಂಥವು.

ಆದರೆ ಏನನ್ನು ಓದಬೇಕು? ಮಾರ್ಸೆಲಾ ಹೂ ಮತ್ತು ಪಾಲ್ ನೇಷನ್ ಎಂಬ ಸಂಶೋಧಕರು 2000ನೇ ಇಸವಿಯಲ್ಲಿ ಇಂಗ್ಲಿಷ್ ಕಲಿಯುವವರ ಮೇಲೆ ಪ್ರಯೋಗ ಮಾಡಿ, ಯಾರ ಸಹಾಯವೂ ಇಲ್ಲದೆ ಕತೆಯೊಂದನ್ನು ಅರ್ಥಮಾಡಿಕೊಳ್ಳಲು ಅದರ ಸುಮಾರು ಶೇ 98ರಷ್ಟು ಪದಗಳು ಗೊತ್ತಿರಬೇಕು ಎಂದು ಕಂಡುಕೊಂಡರು. ಮತ್ತೆ ಅದೇ 98! ಆದರೆ ಇದು ಪದಗಳ 98, ಅಕ್ಷರಗಳದ್ದಲ್ಲ. ಫಾರ್ವರ್ಡ್‌ನ ತಪ್ಪು ಹೆಚ್ಚುಕಡಿಮೆ ಈ ಎರಡನ್ನು ಒಂದೇ ಎಂದುಕೊಂಡದ್ದು. ಹಾಗಾಗಿ ಸಂಪಾದಕೀಯ ಓದಿ ಸೋಲುವ ಬದಲು ತಮಗೆ ‘ತೀರಾ ಸುಲಭ’ ಎನಿಸುವ ಪುಸ್ತಕವನ್ನು ಹಿಡಿಯುವುದು ಜಾಣತನ. ದೊಡ್ಡವರ ಸಾಹಿತ್ಯದಲ್ಲಿ ಹಲವು ಶಿಕ್ಷಕರು ಮೊದಲು ಸೂಚಿಸುವುದು ಯೂ ಹ್ವಾ ಅವರ ‘ಹ್ವೋಜ’ (ಬದುಕುವುದು) ಎಂಬ ಕಿರು ಕಾದಂಬರಿ. ಹಲ್ಲಿನ ವೈದ್ಯರಾಗಿದ್ದು ಬರಹಗಾರರಾದ ಅವರ ವಾಕ್ಯಗಳು ಸರಳ, ಒಬ್ಬ ಮುದಿ ರೈತ ತನ್ನ ಕತೆ ಹೇಳುವ ಧಾಟಿ. ಕತೆ ಮಾತ್ರ ಎದೆ ಒಡೆಯುವಂಥದ್ದು.

ಸುದ್ದಿಯನ್ನೇ ಓದಬೇಕೆಂದರೆ ಒಂದು ತಿಂಗಳು ಒಂದೇ ವಿಷಯ ಹಿಡಿಯುವುದು ಒಳ್ಳೆಯದು. ಸ್ಟೀಫನ್ ಕ್ರಾಶನ್ ಇದಕ್ಕೆ ‘ಕಿರಿದಾದ ಓದು’ ಎಂಬ ಅರ್ಥದ ಹೆಸರು ಕೊಟ್ಟಿದ್ದಾರೆ. ವಿದ್ಯುತ್ ವಾಹನದ ಬಗ್ಗೆ ಓದಿದರೆ ಬ್ಯಾಟರಿ, ಸಬ್ಸಿಡಿ, ರಫ್ತು ಎಂಬ ಪದಗಳೇ ಮತ್ತೆ ಮತ್ತೆ ಬರುತ್ತವೆ. ಮೊದಲ ಸುದ್ದಿಗೆ ಒಂದು ಗಂಟೆ ಹಿಡಿದರೆ ಹತ್ತನೆಯದಕ್ಕೆ ಹತ್ತು ನಿಮಿಷ ಸಾಕಾಗಬಹುದು. ಬೆಂಗಳೂರಿನ ವಿದ್ಯಾರ್ಥಿಗೆ ಬೆಂಗಳೂರಿನ ಬಗ್ಗೆ ಚೀನೀ ಪತ್ರಿಕೆಗಳು ಬರೆದದ್ದೇ ಒಳ್ಳೆಯ ಆರಂಭ. ವಿಷಯ ಮೊದಲೇ ಗೊತ್ತು, ಹೆಸರುಗಳು ಮಾತ್ರ ಹೊಸ ವೇಷದಲ್ಲಿ ಬರುತ್ತವೆ.

ಇನ್ನು ಫೋನಿನ ನಿಘಂಟು. ಅಕ್ಷರದ ಮೇಲೆ ಬೆರಳಿಟ್ಟರೆ ಅರ್ಥ ತೆರೆದುಕೊಳ್ಳುವ ಆ್ಯಪ್‌ಗಳು ದೊಡ್ಡ ವರವೇ. ರೇಖೆ ಎಣಿಸಿ ನಿಘಂಟಿನಲ್ಲಿ ಹುಡುಕುತ್ತಿದ್ದ ಕಾಲದವರನ್ನು ಕೇಳಿ ನೋಡಿ. ಆದರೆ ಆ್ಯಪ್ ಪದದ ಗಡಿಯನ್ನು ತಾನೇ ಗುರುತಿಸಿ ಕೊಡುತ್ತದೆ. ಕಲಿಯಬೇಕಾಗಿದ್ದ ಕೆಲಸವನ್ನೇ ಅದು ಮಾಡಿ ಮುಗಿಸುತ್ತದೆ. ಒಂದು ಪ್ಯಾರಾ ಮುಗಿಯುವವರೆಗೆ ಬೆರಳಿಡದೆ ಓದಿ, ಹೆಸರು ಎನಿಸಿದ್ದರ ಕೆಳಗೆ ಗೆರೆ ಎಳೆದು, ಆಮೇಲೆ ನಿಘಂಟು ತೆರೆಯುವುದು ಹಳೆಯ ಪದ್ಧತಿಗೆ ಹತ್ತಿರ. ವೆನ್‌ಯೆನ್ ಪುಸ್ತಕಗಳಲ್ಲಿ ಅಲ್ಪವಿರಾಮ, ಪೂರ್ಣವಿರಾಮ ಯಾವುದೂ ಇರುತ್ತಿರಲಿಲ್ಲ. ಎಲ್ಲಿ ನಿಲ್ಲಿಸಬೇಕೆಂದು ತಾವೇ ಗುರುತು ಹಾಕುತ್ತಾ ಓದುವುದನ್ನು ಚೀನೀ ಮಕ್ಕಳೇ ಗುರುಗಳ ಬಳಿ ಕಲಿಯುತ್ತಿದ್ದರು. ಕಾಪಿ ಪುಸ್ತಕದಲ್ಲಿ ಬಿಡಿ ಅಕ್ಷರ ಬರೆದಿಡುವುದಕ್ಕಿಂತ ಪದವನ್ನು ಅದು ಬಂದ ಸಾಲಿನ ಸಮೇತ ಬರೆದಿಡುವುದು ಲಾಭ.

ಓದಿದ್ದನ್ನು ಮರುದಿನ ಮತ್ತೆ ಓದುವುದಕ್ಕೆ ನಾಚಿಕೆ ಬೇಡ. ಚೀನೀ ಓದುವ ಕಣ್ಣು ಒಂದು ಸಲ ನಿಂತಾಗ ಎಡಕ್ಕೆ ಒಂದು ಅಕ್ಷರ, ಬಲಕ್ಕೆ ಎರಡು ಮೂರು ಅಕ್ಷರದಷ್ಟು ಮಾತ್ರ ಹಿಡಿಯುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಆ ಪುಟ್ಟ ಕಿಟಕಿಯಲ್ಲಿ ಮುಂದಿನ ಪದ ಮೊದಲೇ ಕಂಡು ಗುರುತು ಸಿಗಬೇಕಾದರೆ ಅದು ಹಳೆಯ ಪರಿಚಯವಾಗಿರಬೇಕು. ವೇಗದ ಪ್ರಶ್ನೆ ಬರೀ ಹೆಮ್ಮೆಯದಲ್ಲ. ಆರು ಹಂತಗಳ ಎಚ್‌ಎಸ್‌ಕೆ ಪರೀಕ್ಷೆಯ ಆರನೇ ಹಂತದಲ್ಲಿ ಓದಿನ ಭಾಗಕ್ಕೆ 50 ನಿಮಿಷದಲ್ಲಿ 50 ಪ್ರಶ್ನೆ. ಎಲ್ಲ ಗೊತ್ತಿದ್ದೂ ಹೊತ್ತು ಸಾಲದೆ ಸೋಲುವವರು ಅಲ್ಲಿ ಕಡಿಮೆಯಿಲ್ಲ.

ಕೈಯಲ್ಲಿ ಬರೆಯಲು ಬಾರದಿದ್ದರೆ? ಡೇವಿಡ್ ಮೋಸರ್ ಎಂಬ ವಿದ್ವಾಂಸರು ಒಂದು ಹೆಸರಾಂತ ಪ್ರಬಂಧದಲ್ಲಿ, ಪೀಕಿಂಗ್ ವಿಶ್ವವಿದ್ಯಾಲಯದ ಚೀನೀ ವಿಭಾಗದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಮೂವರು ಸ್ನೇಹಿತರನ್ನು ‘ಸೀನು’ ಎಂಬ ಪದದ ಅಕ್ಷರ ಬರೆಯಲು ಕೇಳಿದ್ದನ್ನು ಹೇಳುತ್ತಾರೆ. ಮೂವರಿಗೂ ಸರಿಯಾಗಿ ಬರೆಯಲಾಗಲಿಲ್ಲ. ಓದಲು ಅವರಿಗೆ ಯಾವ ಅಡ್ಡಿಯೂ ಇರಲಿಲ್ಲ.

ಅನುವಾದದ ಆ್ಯಪ್ ಇರುವಾಗ ಇಷ್ಟೆಲ್ಲ ಏಕೆ?

ನ್ಯಾಯವಾದ ಪ್ರಶ್ನೆ. ಹೋಟೆಲಿನ ಮೆನು, ಔಷಧದ ಚೀಟಿ, ಯಂತ್ರದ ಕೈಪಿಡಿಗೆ ಫೋನಿನ ಕ್ಯಾಮೆರಾ ಸಾಕು. ಆದರೆ ‘ಚೀನಾದ ಸರ್ಕಾರಿ ಪತ್ರಿಕೆಯೇ ಒಪ್ಪಿಕೊಂಡಿದೆ’ ಎಂದು ಶುರುವಾಗುವ ಫಾರ್ವರ್ಡ್ ನಿಮಗೂ ಬಂದಿರುತ್ತದೆ, ಕೆಳಗೆ ಚೀನೀ ಅಕ್ಷರಗಳ ಒಂದು ಚಿತ್ರ. ಆ ಚಿತ್ರ ಯಾವ ವರ್ಷದ್ದು, ಅದು ಸುದ್ದಿಯೋ ಜಾಹೀರಾತೋ, ‘ಒಪ್ಪಿಕೊಂಡಿದೆ’ ಎಂಬ ಕ್ರಿಯಾಪದ ಅಲ್ಲಿ ನಿಜವಾಗಿ ಇದೆಯೋ ಅಥವಾ ‘ಎಂದು ವಿದೇಶೀ ಮಾಧ್ಯಮ ಹೇಳುತ್ತಿದೆ’ ಎಂಬ ಬಾಲ ಕತ್ತರಿಸಿ ಹೋಗಿದೆಯೋ ಎಂದು ಹೇಳಲು ಮೂಲವನ್ನು ಓದಬಲ್ಲ ಒಬ್ಬ ಮನುಷ್ಯ ಬೇಕು. ಶಾಂತಿನಿಕೇತನದಲ್ಲಿ ತಾನ್ ಯುನ್‌ಶಾನ್ ಅವರ ಜೊತೆಗೂಡಿ ರವೀಂದ್ರನಾಥ ಠಾಕೂರರು 1937ರಲ್ಲಿಯೇ ಚೀನಾ ಭವನ ತೆರೆದರು. ದೆಹಲಿಯ ಜೆಎನ್‌ಯುನಲ್ಲಿ ಚೀನೀಯಲ್ಲಿ ಪದವಿ ಪಡೆಯಬಹುದು. ಅಲ್ಲಿಂದ ಹೊರಬರುವವರು ಪತ್ರಿಕೆಯನ್ನು ಸ್ವತಃ ಓದುತ್ತಾರೋ, ಇಂಗ್ಲಿಷ್ ಅನುವಾದಕ್ಕೇ ಕೈಚಾಚುತ್ತಾರೋ ಎಂಬುದು ಹಾಗಾಗಿ ನಮಗೂ ಸಂಬಂಧಿಸಿದ ಮಾತು.

ಕನ್ನಡ ನಾಡಿನ ಇತಿಹಾಸಕ್ಕೂ ಇಂಥ ಓದುಗರು ಬೇಕಾಗಿದ್ದರು. ಏಳನೇ ಶತಮಾನದಲ್ಲಿ ಬಂದಿದ್ದ ಹ್ಯುಯೆನ್ ತ್ಸಾಂಗ್‌ನ ಪ್ರವಾಸ ಕಥನ 646ರಲ್ಲಿ ಸಿದ್ಧವಾಯಿತು. ಅದರಲ್ಲಿ ದಖ್ಖನಿನ ಒಬ್ಬ ಬಲಶಾಲಿ ದೊರೆಯ ಹೆಸರು ಇಂದಿನ ಉಚ್ಚಾರದಲ್ಲಿ ‘ಬು-ಲುವೋ-ಜಿ-ಷ’ ಎಂದಿದೆ. ಬಿಡಿಸಿದರೆ ‘ತೇಪೆ ಹಾಕು’, ‘ಬಲೆ’, ‘ಪರಿಶೀಲಿಸು’, ‘ಮನೆ’. ಅರ್ಥ ಹುಡುಕಿದವರಿಗೆ ಏನೂ ಸಿಗದು. ಚೀನೀಯ ‘ಬು’ ನಮ್ಮ ಕಿವಿಗೆ ‘ಪು’ಗೆ ಹತ್ತಿರ, ಮತ್ತು ಇಂದಿನ ‘ಜಿ’ ಆ ಕಾಲದಲ್ಲಿ ‘ಕೆ’ಯಂತೆ ಉಚ್ಚಾರವಾಗುತ್ತಿತ್ತು ಎಂದು ತಿಳಿದವರಿಗೆ ಅದು ಇಮ್ಮಡಿ ಪುಲಕೇಶಿ. ಎರಡನೆಯ ಅಕ್ಷರವಾದ ‘ಲುವೋ’, ಇಂದಿನ ಚೀನೀ ಪತ್ರಿಕೆಗಳು ಬೆಂಗಳೂರು ಎಂದು ಬರೆಯುವಾಗ ಬಳಸುವ ಅದೇ ‘ಬಲೆ’.